ಉತ್ತರದ ಬದಲು ಶಾಲು

ನಮ್ಮ ಪಕ್ಷದಲ್ಲಿ ಪ್ರಶ್ನೆ ಕೇಳಿದವನಿಗೆ ಉತ್ತರ ಕೊಡುವ ಪದ್ಧತಿ ಇಲ್ಲ, ಶಾಲು ಹೊದಿಸುತ್ತಾರೆ. ಹಳಿಯಾಳದಲ್ಲಿ ಅದೇ ಪಕ್ಷದ ಬಾವುಟ ಕಟ್ಟುತ್ತಲೇ ತಲೆ ನರೆಸಿಕೊಂಡ ನನಗೆ ಇದು ತಿಳಿಯದ್ದೇನಲ್ಲ. ಆದರೆ ಬಿಸಿ ನನಗೇ ತಟ್ಟುವವರೆಗೆ ನಾನೂ ಅದನ್ನು ಗೌರವವೆಂದೇ ನಂಬಿದ್ದೆ.

ನನ್ನ ತಂಗಿ ಧಾರವಾಡದಲ್ಲಿ ಓದುವಾಗ, ಜೊತೆಗೆ ಓದುತ್ತಿದ್ದ ಇರಾನಿನ ಹುಡುಗನನ್ನು ಮದುವೆಯಾಗಿ ಅವನ ದೇಶಕ್ಕೆ ಹೋದಳು. ಅಪ್ಪ ಕೂಗಾಡಿದರು, ಅವ್ವ ಅತ್ತಳು. ಆಮೇಲೆ ಅಳಿಯ ಬಂದಾಗ ಇಬ್ಬರೂ ಮುಂದೆ ನಿಂತು ಹೋಳಿಗೆ ಬಡಿಸಿದರು. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನಾದವನು ತಂಗಿಯನ್ನು ತವರಿಗೆ ಕರೆತರಬೇಕು. ಆಗದಿದ್ದರೆ ಶೇಂಗಾ ಉಂಡಿ, ಸೀರೆ ಕಳಿಸಬೇಕು. ಅಷ್ಟು ದೂರಕ್ಕೆ ಉಂಡಿ ಹೋಗುವುದುಂಟೇ? ನಾನು ರೊಕ್ಕ ಕಳಿಸುತ್ತಿದ್ದೆ. ಈಗ ಅವಳ ಗಂಡನಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಅಲ್ಲಿನ ದುಡ್ಡಿಗೆ ಬೆಲೆಯಿಲ್ಲ, ಸಾಮಾನಿಗೆ ಮಾತ್ರ ಬೆಲೆ. ಆಪರೇಶನ್ನಿಗೆ ನನ್ನ ಪಂಚಮಿ ರೊಕ್ಕವನ್ನೇ ಕಾದು ಕುಳಿತಿದ್ದಾಳೆ.

ಬ್ಯಾಂಕಿನ ಹೆಣ್ಣುಮಗಳು, ಪಾಪ, ಸಣ್ಣ ದನಿಯಲ್ಲಿ ಹೇಳಿದಳು: "ಆ ದೇಶದ ಮ್ಯಾಲೆ ನಿರ್ಬಂಧ ಬಿಗಿ ಆಗೈತ್ರಿ ಅಜ್ಜಾರ. ಇನ್ನ ನಮ್ಮ ಕಡಿಂದ ರೊಕ್ಕ ಹೋಗೂದಿಲ್ಲ." ಅಡ್ಡದಾರಿ ತೋರಿಸುವವರೂ ಇದ್ದರು. ಆ ದಾರಿ ನೆಟ್ಟಗೆ ಪೊಲೀಸ್ ಠಾಣೆಗೆ ಹೋಗುತ್ತದೆಂದು ಸುಮ್ಮನಾದೆ. ಉಳಿದದ್ದು ಪಕ್ಷ. ದೆಹಲಿಯಲ್ಲಿ ಬಾಯಿ ಬಿಡಬಲ್ಲವರು ನಮ್ಮಲ್ಲೂ ಇದ್ದಾರಲ್ಲ! ಒಡಹುಟ್ಟಿದವರ ಔಷಧಕ್ಕೆ ರೊಕ್ಕ ಕಳಿಸಲು ಒಂದು ದಾರಿ ಮಾಡಿಕೊಡಿ ಎಂದು ಕೇಳುವುದಕ್ಕೆ ಎಷ್ಟು ಧೈರ್ಯ ಬೇಕು?

ಇದರ ಬಗ್ಗೆ ನಮ್ಮ ನಿಲುವೇನು ಎಂದು ತಾಲೂಕು ಅಧ್ಯಕ್ಷರನ್ನು ಕೇಳಿದೆ. "ಕಾಕಾ, ನಿಲುವು ಮ್ಯಾಲಿಂದ ಬರಬೇಕ್ರಿ" ಎಂದು ಚಹಾ ತರಿಸಿದರು. ದಾಂಡೇಲಿಯ ಸಭೆಯಲ್ಲಿ ಎದ್ದು ನಿಂತು ಕೇಳಿದೆ. "ಹಿರಿಯರು ಭಾಳ ಚೊಲೋ ಪ್ರಶ್ನಿ ಕೇಳ್ಯಾರ" ಎಂದು ಶಾಲು ಹೊದಿಸಿ ಕೂರಿಸಿದರು. ಜೋಯಿಡಾದಲ್ಲಿ ಶಾಲಿನ ಜೊತೆಗೆ ಹಾರವೂ ಬಂತು. ಮನೆಯಲ್ಲಿ ಹೆಂಡತಿ ನಕ್ಕಳು: "ಇನ್ನೊಂದು ಪ್ರಶ್ನಿ ಕೇಳ್ರಿ, ಸೋಫಾಕ್ಕ ಹೊದಿಕಿ ಕಡಿಮಿ ಬಿದ್ದೈತಿ." ನನಗೆ ನಗು ಬರಲಿಲ್ಲ, ಮೈ ಉರಿಯಿತು.

ಕಡೆಗೆ ಬೆಂಗಳೂರಿನ ದೊಡ್ಡ ನಾಯಕರು ಮುಂಡಗೋಡಿಗೆ ಬಂದರು. ನಾನು ಬಾಯಿ ತೆರೆಯುವ ಮೊದಲೇ ನನ್ನನ್ನು ವೇದಿಕೆ ಹತ್ತಿಸಿ, ಅವರ ಕೈಯಿಂದಲೇ ಜರಿ ಶಾಲು ಹೊದಿಸಿದರು. ಬಿಡದೆ ಅವರ ಕಿವಿಯಲ್ಲಿ ತಂಗಿಯ ವಿಷಯ ಹೇಳಿದೆ. "ಆಗಲಿ, ಆಗಲಿ" ಎಂದು ಬೆನ್ನು ತಟ್ಟಿ ಮೈಕಿನ ಮುಂದೆ ಹೋದರು.

"ನಿರ್ಬಂಧ ಇರುವ ದೇಶಗಳಿಗೆ ಈ ನೆಲದ ಒಂದು ಪೈಸೆಯನ್ನೂ ಹೋಗಲು ಬಿಡುವುದಿಲ್ಲ! ಇದೇ ನಮ್ಮ ಪಕ್ಷದ ನಿಲುವು!"

ಚಪ್ಪಾಳೆಯೋ ಚಪ್ಪಾಳೆ. ಅಂತೂ ಮೇಲಿನಿಂದ ನಿಲುವು ಬಂತು. ನಾನು ಜರಿ ಶಾಲಿನೊಳಗೆ ಬೆವರುತ್ತಾ ಅವರ ಬೆನ್ನ ಹಿಂದೆಯೇ ಕುಳಿತಿದ್ದೆ. ಆ ಸಿಟ್ಟಿಗೆ ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದೆ.

ಮನೆಯೊಳಗೆ ಕಾಲಿಡುವಷ್ಟರಲ್ಲಿ ತಂಗಿಯ ಫೋನ್ ಬಂತು. ಯಾರೋ ಪಕ್ಷದ ಗ್ರೂಪಿಗೆ ಹಾಕಿದ್ದ ಸನ್ಮಾನದ ಫೋಟೋವನ್ನು ನನ್ನ ಮಗಳು ಆಗಲೇ ಸೋದರತ್ತೆಗೆ ಕಳಿಸಿಬಿಟ್ಟಿದ್ದಳು. ತಂಗಿಗೆ ಆ ಊರಲ್ಲಿ ಕನ್ನಡ ಮಾತಾಡಲು ಯಾರೂ ಇಲ್ಲ. ಹಾಗಾಗಿ ಅವಳ ಮಾತು ಇನ್ನೂ ಕಾಲೇಜಿಗೆ ಹೊರಟ ಹುಡುಗಿಯದೇ.

"ಅಣ್ಣಾ, ಫೋಟೋ ಮಬ್ಬ ಮಬ್ಬ ಕಾಣಸ್ತು. ಶಾಲು ಮಾತ್ರ ಮಿಂಚತಿತ್ತು ನೋಡು! ಅಷ್ಟ ದೊಡ್ಡವರು ನಿನಗ ಶಾಲು ಹಾಕ್ಯಾರಂದ್ರ ನಮ್ಮ ಕೆಲಸ ಆದಂಗ. ರೊಕ್ಕ ಕಳಸೂ ಮಾತು ಎತ್ತಿದ್ರೇನು?"

"ಎತ್ತಿದ್ರವಾ" ಎಂದೆ.

"ಹಂಗಾದ್ರ ಡಾಕ್ಟರಿಗೆ ಹೇಳಿ ಕಣ್ಣಿನ ಆಪರೇಶನ್ನಿಗೆ ತಾರೀಖು ತಗೊಳ್ಳಲೇನು?"

ದಾರಿಯುದ್ದಕ್ಕೂ ಪಕ್ಷದವರನ್ನು ಬೈಯುತ್ತಾ ಬಂದ ನಾಲಿಗೆ ನನ್ನದು. ಶಾಲು ಇನ್ನೂ ಹೆಗಲ ಮೇಲೇ ಇತ್ತು.

"ಊಟ ಆತೇನು?" ಎಂದು ಕೇಳಿದೆ.