ಕಲ್ಲಿನ ಕೈಗೆ ಹಚ್ಚಿದ ಅರಿಶಿನ

ಮೊನ್ನೆ ಗ್ಯಾರೇಜಿನಲ್ಲಿ ಚಳಿಗಾಲದ ಟೈರುಗಳ ಹಿಂದೆ ಒಂದು ಬ್ರಶ್ ಸಿಕ್ಕಿತು. ಮರದ ಹಿಡಿ, ಮೆತ್ತನೆಯ ಕೂದಲು. ಬಟ್ಟೆ ಉಜ್ಜುವುದಕ್ಕೂ ಆಗದ, ನೆಲ ಉಜ್ಜುವುದಕ್ಕೂ ಆಗದ ಬ್ರಶ್. ನನ್ನ ಗಂಡ ಅದನ್ನು ಕಸದ ಡಬ್ಬಿಗೆ ಹಾಕಲು ಹೊರಟಿದ್ದ. ನಾನು ಕಸಿದುಕೊಂಡು ಮೂಸಿ ನೋಡಿದೆ. ಪಾಚಿ, ಒದ್ದೆಯಾದ ಸೀಡರ್ ಮರ, ಎಲ್ಲೋ ಒಂದಿಷ್ಟು ಕಾಫಿ... ಹಿಡಿಯ ಮೇಲೆ ಹೆಬ್ಬೆರಳು ಊರುವ ಜಾಗದಲ್ಲಿ ಹಳದಿ ಬಣ್ಣ ಇನ್ನೂ ಹಾಗೇ ಇತ್ತು. ಇಷ್ಟು ವರ್ಷ ಕತ್ತಲೆಯಲ್ಲಿ ಬಿದ್ದಿದ್ದರಿಂದ ಉಳಿದುಕೊಂಡಿತ್ತು.

ಆ ಬ್ರಶ್ ಕೊಟ್ಟವರು ನಮ್ಮ ಪಕ್ಕದ ಮನೆಯಾಕೆ.

ಸಿಯಾಟಲ್ ಪಕ್ಕದ ಬೆಲ್ವ್ಯೂನಲ್ಲಿ ಬಾಡಿಗೆ ಕೊಟ್ಟು ಕೊಟ್ಟು ಸುಸ್ತಾಗಿ, ಗಂಡನ ಆಫೀಸು ನಾರ್ತ್ ಕ್ರೀಕಿಗೆ ಹೋದದ್ದೇ ನೆಪವಾಗಿ, ನಾವು ಇನ್ನೂ ಉತ್ತರಕ್ಕೆ, ನದಿ ಪಕ್ಕದ ಈ ಪುಟ್ಟ ಊರಿಗೆ ಬಂದೆವು. ಹಳೆಯ ದನದ ಹುಲ್ಲುಗಾವಲಿನಲ್ಲಿ ಒಂದೇ ಅಚ್ಚಿನ ಹೊಸ ಮನೆಗಳು ಎದ್ದಿದ್ದವು. ಅವುಗಳಲ್ಲಿ ಒಂದಕ್ಕೆ ಮಾತ್ರ ಬೆಲೆ ಕಡಿಮೆ ಇತ್ತು. ಯಾಕೆಂದು ಹಿತ್ತಲ ಬೇಲಿಯಾಚೆ ನೋಡಿದರೆ ತಿಳಿಯುತ್ತಿತ್ತು. ಈ ಊರನ್ನು ಮೊದಲು ಕಡಿದು, ಸುಟ್ಟು, ಉತ್ತು ಊರು ಮಾಡಿದವರನ್ನೆಲ್ಲ ಮಲಗಿಸಿದ ಹಳೆಯ ಸ್ಮಶಾನ ಅಲ್ಲಿತ್ತು. ಗೃಹಪ್ರವೇಶಕ್ಕೆ ಬಂದಿದ್ದ ತೆಲುಗು ಸ್ನೇಹಿತರೊಬ್ಬರು ಕಿಟಕಿಯಿಂದ ಅದನ್ನು ಕಂಡು ಪಾಯಸವನ್ನು ಅರ್ಧಕ್ಕೇ ಬಿಟ್ಟು ಎದ್ದರು. "ಇವ್ರು ಪಾರ್ಟಿ ಮಾಡಲ್ಲ, ಸಂಡೇ ಬೆಳಿಗ್ಗೆ ಲಾನ್ ಮೋವರ್ ಹಾಕಲ್ಲ. ಇದಕ್ಕಿಂತ ಒಳ್ಳೆ ನೈಬರ್ಸ್ ಎಲ್ಲಿ ಸಿಗ್ತಾರೆ?" ಎಂದು ನನ್ನ ಗಂಡ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ಊರಿಗೆ ಫೋನ್ ಮಾಡಿದಾಗ ಮಾತ್ರ ಮನೆ ಪಾರ್ಕಿನ ಪಕ್ಕ ಇದೆ ಎನ್ನುತ್ತಿದ್ದ.

ಪಕ್ಕದ ಮನೆಯಾಕೆಯದು ನಮ್ಮೆಲ್ಲರ ಮನೆಗಳಿಗಿಂತ ಹಳೆಯ ಮನೆ. ಒಂದು ಕಾಲಕ್ಕೆ ಆ ಹುಲ್ಲುಗಾವಲೂ ಅವರದೇ. ಎಪ್ಪತ್ತು ದಾಟಿದ್ದರು. ತೀರಿಹೋದ ಗಂಡನ ರೇನ್‌ಕೋಟು, ಮೊಣಕಾಲಿನವರೆಗೆ ರಬ್ಬರ್ ಬೂಟು, ಕಂಕುಳಲ್ಲಿ ಕಾಫಿ ಫ್ಲಾಸ್ಕು. ಮಳೆಯಿರಲಿ ಬಿಡಲಿ, ದಿನಾ ಬೆಳಿಗ್ಗೆ ಸ್ಮಶಾನಕ್ಕೆ ಹೋಗಿ ಒಂದೊಂದು ಕಲ್ಲಿನ ಮುಂದೆಯೂ ಮಂಡಿಯೂರಿ ಪಾಚಿ ತೆಗೆಯುತ್ತಿದ್ದರು. ಬರೀ ನೀರು, ಬರೀ ಮೆತ್ತನೆಯ ಬ್ರಶ್. ಸೋಪು, ಬ್ಲೀಚು, ಪುಡಿ ಯಾವುದೂ ಕಲ್ಲಿಗೆ ತಾಗಬಾರದು ಎನ್ನುವುದು ಅವರ ಮಡಿ. ನಮ್ಮ ಕಡೆ ಮಡಿಯ ಹೆಂಗಸರನ್ನು ನೋಡಿ ಬೆಳೆದ ನನಗೆ ಅದು ಚೆನ್ನಾಗಿ ಅರ್ಥವಾಗುತ್ತಿತ್ತು.

ಅಲ್ಲಿ ಮಲಗಿದವರ ವಿಷಯವನ್ನು ಅವರು ಹೇಳುತ್ತಿದ್ದ ರೀತಿ ನೋಡಬೇಕಿತ್ತು. ನಿನ್ನೆ ಮನೆ ಖಾಲಿ ಮಾಡಿಕೊಂಡು ಹೋದ ಬಾಡಿಗೆಯವರ ಬಗ್ಗೆ ಮಾತಾಡಿದ ಹಾಗಿರುತ್ತಿತ್ತು. ಈತ ಬಂದ ವರ್ಷ ಮನೆ ಕಟ್ಟಲಾಗದೆ, ಕಡಿದ ಸೀಡರ್ ಮರದ ಬೊಡ್ಡೆಯನ್ನೇ ಟೊಳ್ಳು ಮಾಡಿ, ಮೇಲೆ ಸೂರು ಹೊದಿಸಿ, ಹೆಂಡತಿ ಸಮೇತ ಚಳಿಗಾಲ ಕಳೆದವನು. ಆ ಮೂಲೆಯವನೂ ಈ ಮೂಲೆಯವನೂ ಅಣ್ಣತಮ್ಮಂದಿರು, ಬೇಲಿಯ ಜಗಳಕ್ಕೆ ಮಾತು ಬಿಟ್ಟವರು, ಸತ್ತ ಮೇಲೂ ನಡುವೆ ಇಡೀ ಊರನ್ನು ಮಲಗಿಸಿಕೊಂಡವರು. ಕುರಿಮರಿ ಕೆತ್ತಿದ ಆ ಮೂರು ಪುಟ್ಟ ಕಲ್ಲುಗಳು ಒಂದೇ ಮನೆಯ ಮಕ್ಕಳವು. ಗಂಟಲಮಾರಿ ಕಾಯಿಲೆ ಒಂದೇ ವಾರದಲ್ಲಿ ಮನೆ ಬರಿದು ಮಾಡಿತ್ತು... ಅಲ್ಲಿಗೆ ಬಂದಾಗ ಅವರು ಫ್ಲಾಸ್ಕಿನ ಮುಚ್ಚಳ ಬಿಚ್ಚುತ್ತಿದ್ದರು.

ನಮ್ಮ ಹಿತ್ತಲ ಬೇಲಿಗೂ ಸ್ಮಶಾನಕ್ಕೂ ನಡುವೆ ಒಂದು ಸಣ್ಣ ಗೇಟು. ಹೊಸ ಮನೆಗಳು ಬಂದಾಗ, ಅಲ್ಲಿ ಮಲಗಿದವರ ಮನೆತನದವರು ಆ ಗೇಟಿಗೆ ಬೀಗ ಹಾಕಬೇಕೆಂದಿದ್ದರಂತೆ. ನಾಯಿಗಳು ಬರುತ್ತವೆ, ಚೆಂಡು ಬೀಳುತ್ತದೆ, ಯಾರೋ ಏನೋ ಮಾಡುತ್ತಾರೆ ಎಂಬ ಭಯ. ಪಕ್ಕದ ಮನೆಯಾಕೆಯೇ ತಾನು ನೋಡಿಕೊಳ್ಳುತ್ತೇನೆ ಎಂದು ಅದನ್ನು ತೆರೆಸಿಟ್ಟಿದ್ದರು. ಮೇ ತಿಂಗಳ ಕೊನೆಗೆ, ಸತ್ತವರನ್ನು ನೆನೆಯುವ ದಿನ, ಆ ಮನೆತನದವರೆಲ್ಲ ಹೂವು ಹಿಡಿದು ಬಂದು ಸೇರುತ್ತಿದ್ದರು. ಏನಾದರೂ ಹೆಚ್ಚುಕಮ್ಮಿ ಕಂಡರೆ ಗೇಟು ಮುಚ್ಚುವುದೆಂದು ಮಾತಾಗಿತ್ತು.

ಹೀಗಿರುವಾಗ ಅರಸೀಕೆರೆ ಕಡೆಯಿಂದ ನಮ್ಮ ಅತ್ತೆ ಬಂದರು. ಎರಡು ದಿನ ಕಿಟಕಿಯಿಂದ ನೋಡಿ, "ಇದು ಪಾರ್ಕಲ್ಲ ಕಣೆ, ಸುಡುಗಾಡು" ಎಂದರು. ಅದರ ಬಗ್ಗೆ ಅವರಿಗೆ ಭಯವೇನೂ ಇರಲಿಲ್ಲ. ಭಯವಿದ್ದದ್ದು ಮಾತಿಗೆ ಯಾರೂ ಸಿಗದ ಹಗಲುಗಳದು. ನಾವಿಬ್ಬರೂ ಮೀಟಿಂಗಿನಲ್ಲಿ, ಮಗಳು ಸ್ಕೂಲಿನಲ್ಲಿ, ಅವಳು ಬಂದರೂ ಕನ್ನಡದ ಪ್ರಶ್ನೆಗೆ ಇಂಗ್ಲಿಷಿನ ಉತ್ತರ. ಟಿಕೆಟ್ಟು ಮುಂಚೆ ಮಾಡಿಸಲು ಆಗುತ್ತದಾ ಎಂದು ಅತ್ತೆ ಕೇಳತೊಡಗಿದ್ದರು. ಆಗಲೇ ಒಂದು ಬೆಳಿಗ್ಗೆ ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಕೈಬೀಸಿ ಅವರನ್ನು ಕರೆದದ್ದು.

ಆಮೇಲೆ ಅತ್ತೆಯನ್ನು ಮನೆಯಲ್ಲಿ ಹಿಡಿಯುವುದೇ ಕಷ್ಟವಾಯಿತು. ಒಬ್ಬರು ಉಜ್ಜುವುದು, ಒಬ್ಬರು ನೀರು ಹೊಯ್ಯುವುದು. ಅವರ ಇಂಗ್ಲಿಷು ಇವರಿಗೆ ಬಾರದು, ಇವರ ಕನ್ನಡ ಅವರಿಗೆ ಬಾರದು, ಆದರೂ ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಮನೆಗೆ ಬಂದ ಕೂಡಲೇ ಅತ್ತೆ ತಲೆಗೆ ಸ್ನಾನ ಮಾಡುತ್ತಿದ್ದರು. ಸ್ಮಶಾನಕ್ಕೆ ಹೋಗಿ ಬಂದ ಮೇಲೆ ಇನ್ನೇನು ಮಾಡುತ್ತಾರೆ? ಒಂದು ದಿನ ಸ್ನಾನವಿಲ್ಲದೆ ನೇರ ಬಂದು ರೊಟ್ಟಿಗೆ ಕೂತರು. ಕೇಳಿದ್ದಕ್ಕೆ, "ಇನ್ನೇನ್ ಸ್ನಾನ, ಎಲ್ಲಾ ಗೊತ್ತಿರೋರೇ ಆದ್ರಲ್ಲ" ಎಂದರು.

ಆ ಮೇ ತಿಂಗಳಲ್ಲಿ, ಮನೆತನದವರು ಬರುವುದಕ್ಕೆ ಸ್ವಲ್ಪ ದಿನ ಇರುವಾಗ, ಅತ್ತೆ ಒಬ್ಬರೇ ಹೋಗಿ ಬಂದರು. ಬೆರಳೆಲ್ಲ ಹಳದಿ, ಮುಖ ತುಂಬ ಸಮಾಧಾನ. ಅಲ್ಲಿ ಒಂದು ಮಾಸ್ತಿಕಲ್ಲು ಇದೆ, ಪಾಪ ಯಾರೂ ಕೇಳುವವರಿಲ್ಲ, ಅರಿಶಿನ ಹಚ್ಚಿ ಬಂದೆ ಎಂದರು. ಸೋಪು ಕೂಡ ತಾಗಬಾರದ ಕಲ್ಲಿಗೆ ಅರಿಶಿನ! ಓಡಿಹೋಗಿ ನೋಡಿದರೆ ಸೀಡರ್ ಮರದ ಕೆಳಗೆ, ಅಷ್ಟು ಬೆಳ್ಳಗೆ ಉಜ್ಜಿಟ್ಟಿದ್ದ ಅಮೃತಶಿಲೆಯ ಮೇಲೆ, ಕೆತ್ತಿದ ಹೆಂಗಸಿನ ಕೈಯೊಂದು ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಹಳದಿಯಾಗಿ ಮಿಂಚುತ್ತಿತ್ತು.

ಅತ್ತೆಯನ್ನು ಬೈಯುವಂತೆಯೂ ಇರಲಿಲ್ಲ. ಅವರ ತವರೂರಿನ ಕೆರೆ ಏರಿಯ ಮೇಲೆ ಒಂದು ಮಾಸ್ತಿಕಲ್ಲು ಇದೆ. ಗಂಡನ ಚಿತೆ ಏರಿದ ಯಾವಳೋ ಹೆಣ್ಣುಮಗಳ ನೆನಪಿಗೆ ನೆಟ್ಟದ್ದು. ಬಳೆ ತೊಟ್ಟ ಒಂದು ತೋಳು ಮೇಲಕ್ಕೆ ಎತ್ತಿಕೊಂಡಿದೆ. ಇಲ್ಲಿಯ ಕಲ್ಲಿನ ಮೇಲೂ ಒಂದು ಹೆಂಗಸಿನ ಕೈ, ಬೆರಳು ಆಕಾಶಕ್ಕೆ, ಮಣಿಕಟ್ಟಿನ ಸುತ್ತ ಬಳೆಯ ಹಾಗೇ ಕಾಣುವ ಲೇಸು. ಊರಿನ ಕಲ್ಲಿಗೆ ಮುತ್ತೈದೆಯರು ಅರಿಶಿನ ಕುಂಕುಮ ಹಚ್ಚುತ್ತಾರೆ. ಅತ್ತೆ ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಅವತ್ತಿನಿಂದ ಆ ಕಲ್ಲನ್ನು ಮುಟ್ಟಿದವರಲ್ಲ. ಇಲ್ಲಿ ಬೇಡವೆನ್ನುವವರು ಯಾರೂ ಇರಲಿಲ್ಲ. ಆದರೂ ದೇವರ ಮುಂದಿದ್ದ ಕುಂಕುಮದ ಭರಣಿ ಮುಟ್ಟಲು ಕೈ ಬಂದಿರಲಿಲ್ಲ. ಅಡಿಗೆಮನೆಯ ಅರಿಶಿನ ಸಾಕೆಂದುಕೊಂಡಿದ್ದರು.

ಸಂಜೆ ನನ್ನ ಗಂಡ ಬಂದ. ಫೋನಿನಲ್ಲಿ ಏನೋ ಓದಿದ. "ಬೇಕಿಂಗ್ ಸೋಡಾ ಹಾಕಿದ್ರೆ ಹೋಗತ್ತೆ, ಡೋಂಟ್ ವರಿ" ಎಂದು ಡಬ್ಬಿ ಹಿಡಿದು ಹೊರಟ. ಅರಿಶಿನಕ್ಕೆ ಸೋಡಾ ಸೇರಿದರೆ ಏನಾಗುತ್ತದೆಂದು ಅರಿಶಿನ ಸುಣ್ಣದಲ್ಲಿ ಆರತಿ ನೀರು ಕದಡಿದ ಯಾವ ಹೆಂಗಸಿಗಾದರೂ ಗೊತ್ತು. ಅವನು ಕೇಳಬೇಕಲ್ಲ. ನಾನು ಹೋಗುವಷ್ಟರಲ್ಲಿ ಆ ಕೈ ಕೆಂಪಗೆ, ಈಗಷ್ಟೇ ಕೊಯ್ದ ಹಾಗೆ, ಹನಿ ಹನಿ ಸುರಿಸುತ್ತಿತ್ತು. ಮುಂದೆ ನನ್ನ ಗಂಡ ಎರಡೂ ಕೈ ಕೆಂಪು ಮಾಡಿಕೊಂಡು ಮಂಡಿಯೂರಿದ್ದ. ಹಿಂದೆ ರಬ್ಬರ್ ಬೂಟು ತೊಟ್ಟು ಪಕ್ಕದ ಮನೆಯಾಕೆ ನಿಂತಿದ್ದರು.

ಅವರು ಕೂಗಾಡಲಿಲ್ಲ. ಮೊದಲು ಬಕೆಟ್ಟಿನ ನೀರೆಲ್ಲ ಕಲ್ಲಿನ ಮೇಲೆ ಸುರಿದರು. ಕೆಂಪು ಇಳಿದು ಮತ್ತೆ ಹಳದಿಯಾಯಿತು. ಆಮೇಲೆ ನನ್ನ ಕಡೆ ತಿರುಗಿ, ಇದೇನು ಎಂದು ಕೇಳಿದರು. ಅಷ್ಟರಲ್ಲಿ ಅತ್ತೆಯೂ ಬಂದಿದ್ದರು. ನಾನು ಕಲ್ಲು, ಚಿತೆ, ಬಳೆಯ ತೋಳು ಎಲ್ಲವನ್ನೂ ತಡವರಿಸುತ್ತ ಹೇಳಿದೆ. ನನ್ನ ಅತ್ತೆ ಈಕೆಯನ್ನೂ ಹಾಗೆ ಸುಟ್ಟುಕೊಂಡವಳು ಎಂದುಕೊಂಡಿದ್ದಾರೆ, ಮರ್ಯಾದೆಗೆ ಹಚ್ಚಿದ್ದು ಎಂದೆ. ಪಕ್ಕದ ಮನೆಯಾಕೆ ಖಾಲಿ ಬಕೆಟ್ಟನ್ನು ಕೆಳಗಿಟ್ಟರು. ನನಗಲ್ಲ, ಅತ್ತೆಗೇ ಹೇಳಿದರು. "ಇಲ್ಲ. ಇವಳು ಬದುಕಿದಳು. ಇವಳು ನನ್ನ ಮುತ್ತಜ್ಜಿ."

ದಿಮ್ಮಿ ಸಾಗಿಸುವಾಗ ಅವಳ ಗಂಡ ನದಿಯಲ್ಲಿ ಕೊಚ್ಚಿಹೋದನಂತೆ. ಹೆಣವೂ ಸಿಗಲಿಲ್ಲವಂತೆ. ಊರಿನವರು ಮಕ್ಕಳನ್ನು ಹಂಚಿಕೊಟ್ಟು ವಾಪಸು ಹೋಗು ಎಂದರೂ ಕೇಳದೆ, ಹಸು ಕಟ್ಟಿ, ಮರ ಕಡಿಯುವವರ ಬಿಡಾರಕ್ಕೆ ಹಾಲು ಹೊತ್ತು, ಮಕ್ಕಳನ್ನು ಸಾಕಿದಳು. ಹಲ್ಲೆಲ್ಲ ಉದುರಿದ ಮುದುಕಿಯಾಗಿ, ತನ್ನ ಮಂಚದ ಮೇಲೆಯೇ ಸತ್ತಳು. ಬೆರಳು ಮೇಲಕ್ಕೆ ತೋರಿಸಿರುವುದು ಸ್ವರ್ಗಕ್ಕೆ, ಬೆಂಕಿಗಲ್ಲ.

ನಾನು ಒಂದೊಂದೇ ಮಾತನ್ನು ಕನ್ನಡಕ್ಕೆ ಹೇಳುತ್ತಿದ್ದಂತೆ ಅತ್ತೆ ಒದ್ದೆ ಹುಲ್ಲಿನ ಮೇಲೆ ಕುಕ್ಕರಿಸಿದರು. "ಸದ್ಯ... ಬದುಕಿದ್ಲಲ್ಲ" ಎಂದು ಸೆರಗಿನಿಂದ ಕಣ್ಣು ಒತ್ತಿಕೊಂಡರು. ಸ್ವಲ್ಪ ಹೊತ್ತಿಗೆ ಮೂಗು ಒರೆಸಿಕೊಂಡು, ಹಸು ಹೊತ್ತಿಗೆ ಎಷ್ಟು ಹಾಲು ಕರೆಯುತ್ತಿತ್ತಂತೆ ಕೇಳು ಎಂದರು. ಎಮ್ಮೆ ಕಟ್ಟಿಯೇ ಮಗನನ್ನು ಓದಿಸಿದವರ ಪ್ರಶ್ನೆ ಅದು. ಪಕ್ಕದ ಮನೆಯಾಕೆ ಬಕೆಟ್ಟನ್ನೇ ಎತ್ತಿ ತೋರಿಸಿದರು. ಇಬ್ಬರೂ ನಕ್ಕರು. ನನಗೆ ಅಳು ಬಂತು.

ಆದರೆ ಕಲೆ ಇತ್ತಲ್ಲ. ಮನೆತನದವರು ಬರುವಷ್ಟರಲ್ಲಿ ಹೋದರೆ ಹೇಳುವುದಕ್ಕೇನೂ ಇರುವುದಿಲ್ಲ, ಹೋಗದಿದ್ದರೆ ತಾನೇ ಅವರಿಗೆ ಹೇಳುತ್ತೇನೆ, ಗೇಟು ಮಾತ್ರ ತನ್ನ ಕೈಯಲ್ಲಿ ಉಳಿಯುವುದಿಲ್ಲ ಎಂದರು ಪಕ್ಕದ ಮನೆಯಾಕೆ. ಅದಕ್ಕೆ ಅತ್ತೆ ಒಂದೇ ಮಾತು ಹೇಳಿದರು, ಅರಿಶಿನದ ಕಲೆ ಬಿಸಿಲಿಗೆ ಹೋಗುತ್ತದೆ. ಹೋಗುತ್ತದೆ, ನಿಜ. ಆದರೆ ಸಿಯಾಟಲ್ ಕಡೆ ಮೇ ತಿಂಗಳಲ್ಲಿ ಬಿಸಿಲನ್ನು ನಂಬಿಕೊಂಡು ಯಾರು ತಾನೇ ಕೂತಾರು? ದಿನಾ ಏಳುತ್ತಲೇ ನಾನು ಮೋಡ ನೋಡುತ್ತಿದ್ದೆ. ಮೀಟಿಂಗಿನ ನಡುವೆಯೂ ಫೋನಿನಲ್ಲಿ ಹವಾಮಾನ ನೋಡುತ್ತಿದ್ದೆ. ಗೇಟು ಮುಚ್ಚಿದರೆ ಅತ್ತೆಯ ಹಗಲುಗಳು ಏನಾಗುತ್ತವೆ ಎನ್ನುವುದೇ ನನ್ನ ತಲೆಯಲ್ಲಿತ್ತು. ಕೊನೆಗೂ ಬಿಸಿಲು ಬಂತು. ಬಂದರೇನು, ಆ ಕಲ್ಲಿರುವುದು ಸೀಡರ್ ಮರದ ನೆರಳಿನಲ್ಲಿ.

ಆಗ ನಮ್ಮ ಮಲಗುವ ಕೋಣೆಯ ಎತ್ತರದ ಕನ್ನಡಿಯನ್ನು ಅತ್ತೆ ಮಗನ ಕೈಯಲ್ಲಿ ಹೊರಿಸಿದರು. ಅದನ್ನು ಬಯಲಿನಲ್ಲಿ ಒಂದು ಮಡಿಸುವ ಕುರ್ಚಿಗೆ ಒರಗಿಸಿ, ಬಿಸಿಲನ್ನು ಕಲ್ಲಿನ ಮುಖಕ್ಕೆ ತಿರುಗಿಸಿದರು. ಸೂರ್ಯ ಜರುಗಿದ ಹಾಗೆ ಕನ್ನಡಿಯನ್ನೂ ಜರುಗಿಸಬೇಕು. ಇಬ್ಬರು ಮುದುಕಿಯರೂ ಅದರ ಎರಡು ಪಕ್ಕಕ್ಕೆ ಕೂತು, "ಇನ್ನೊಸಿ ಈಕಡಿಕೆ" ಎಂದು ಇವರು, ಲೆಫ್ಟು ರೈಟು ಎಂದು ಅವರು, ಮಧ್ಯೆ ಮಧ್ಯೆ ಕಲ್ಲಿಗೆ ನೀರು ಚಿಮುಕಿಸುತ್ತ, ಫ್ಲಾಸ್ಕಿನ ಕಾಫಿ ಹಂಚಿಕೊಳ್ಳುತ್ತ, ಆ ಹಳದಿ ಕೈಯನ್ನು ಕಾಯಿಸಿದರು. ಹಳದಿ ನಿಂಬೆಯ ಬಣ್ಣಕ್ಕೆ ಇಳಿಯಿತು. ಆಮೇಲೆ ಕೆನೆಯ ಬಣ್ಣಕ್ಕೆ. ಒಂದು ಬೆಳಿಗ್ಗೆ ನೋಡಿದರೆ ಇರಲೇ ಇಲ್ಲ.

ಮನೆತನದವರು ಹೂಕುಂಡ ಹಿಡಿದು ಬಂದರು. ಅವರಲ್ಲಿ ಹಿರಿಯರೊಬ್ಬರು ಆ ಕಲ್ಲಿನ ಮುಂದೆ ನಿಂತು, ಈ ಸಲ ಇದು ಉಳಿದವಕ್ಕಿಂತ ಬೆಳ್ಳಗಿದೆಯಲ್ಲ ಎಂದರು. ಪಕ್ಕದ ಮನೆಯಾಕೆ ನನ್ನ ಕಡೆ ನೋಡಲೇ ಇಲ್ಲ. ನೋಡಿದ್ದರೆ ಇಬ್ಬರಿಗೂ ನಗು ತಡೆಯುತ್ತಿರಲಿಲ್ಲ. ಫೋನಿನಲ್ಲಿ ಹವಾಮಾನ ನೋಡುವುದನ್ನು ಅವತ್ತು ಬಿಟ್ಟೆ. ಗೇಟು ತೆರೆದೇ ಉಳಿಯಿತು.

ಅತ್ತೆ ಊರಿಗೆ ಹೊರಟ ದಿನ ಪಕ್ಕದ ಮನೆಯಾಕೆ ತಾವು ಕಲ್ಲು ಉಜ್ಜುತ್ತಿದ್ದ ಬ್ರಶ್ಶನ್ನೇ ತಂದು ಕೊಟ್ಟರು. ಅತ್ತೆ ಆಗಷ್ಟೇ ಮಾವಿನಕಾಯಿಗೆ ಉಪ್ಪು ಅರಿಶಿನ ಕಲಸುತ್ತಿದ್ದವರು, ಅದೇ ಹಳದಿ ಕೈಯಲ್ಲಿ ಹಿಡಿದುಕೊಂಡರು. ಇವರಿಗೆ ಒಂದು ಮಾತು ಹೇಳಿ ಎಂದು ಪಕ್ಕದ ಮನೆಯಾಕೆ ನನ್ನನ್ನು ಕೇಳಿದರು. "ನನ್ನ ಕಲ್ಲು ಬಂದಾಗ ಅದಕ್ಕೂ ಹಚ್ಚಬೇಕು. ಆದರೆ ಬಿಸಿಲಿರುವಾಗ ಮಾತ್ರ." ಹೊರಡೋ ಹೊತ್ತಲ್ಲಿ ಸಾಯೋ ಮಾತ್ಯಾಕೆ ಎಂದು ಅತ್ತೆ ರೇಗಿದರು. ರೇಗುತ್ತಲೇ ಆಗಲಿ ಎಂದು ತಲೆ ಆಡಿಸಿದರು. ಸೂಟ್‌ಕೇಸಿನ ತೂಕ ಮೀರಿ, ಬ್ರಶ್ ನಮ್ಮ ಗ್ಯಾರೇಜಿನಲ್ಲಿ ಉಳಿಯಿತು.

ಪಕ್ಕದ ಮನೆಯಾಕೆ ತೀರಿಕೊಂಡದ್ದು ಹೋದ ವರ್ಷ, ಎಲೆ ಉದುರುವ ಕಾಲದಲ್ಲಿ. ನಿದ್ದೆಯಲ್ಲೇ ಹೋದರು, ಮುತ್ತಜ್ಜಿಯ ಹಾಗೆ ತಮ್ಮ ಮಂಚದ ಮೇಲೆ. ಆ ಮನೆಗೆ ಬೇರೆ ಯಾರೋ ಬಂದಿದ್ದಾರೆ, ಒಳ್ಳೆಯವರೇ. ಬೆಳಿಗ್ಗೆ ಕಿಟಕಿ ಪರದೆ ಸರಿಸಿದಾಗ ಆ ರೇನ್‌ಕೋಟು ಕಾಣದಿರುವುದು ನನಗೆ ಇನ್ನೂ ಅಭ್ಯಾಸವಾಗಿಲ್ಲ... ಈ ವಸಂತದಲ್ಲಿ ಅವರ ಕಲ್ಲು ಬಂತು. ಕೈಯಿಲ್ಲ, ಕುರಿಮರಿಯಿಲ್ಲ, ಬರೀ ಹೆಸರು. ಮುತ್ತಜ್ಜಿಯ ಪಕ್ಕದಲ್ಲೇ, ಆದರೆ ನೆರಳಿನಿಂದ ಆಚೆಗೆ.

ಇವತ್ತು ಬ್ರಶ್ಶು, ಬಕೆಟ್ಟು, ಅಡಿಗೆಮನೆಯ ಅರಿಶಿನ ತೆಗೆದುಕೊಂಡು ಗೇಟು ದಾಟಿದೆ. ಕಲ್ಲನ್ನು ತೊಳೆದು ಅತ್ತೆಗೆ ವಿಡಿಯೋ ಕಾಲ್ ಮಾಡಿದೆ. ಅವರಿಗೆ ಈಗ ಮಂಡಿ ನೋವು, ಇಷ್ಟು ದೂರ ಬರುವಂತಿಲ್ಲ. ಕಲ್ಲು ತೋರಿಸಿದೆ. ಅತ್ತೆ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು.

"ಬಿಸ್ಲೈತಾ ಅಲ್ಲಿ?" ಎಂದು ಕೇಳಿದರು.

ಇದೆ ಎಂದೆ. ಚೆನ್ನಾಗಿ ಇತ್ತು.

"ಹಂಗಾರೆ ಹಚ್ಚು. ಹೋದ್ರೆ ಮತ್ತೆ ಹಚ್ಚು."