ಅತ್ತಿಗೆ ನುಂಗಿಕೊಂಡ ಮಾತು

ಲಿಫ್ಟು ರಿಪೇರಿ ಮಾಡುವ ಆ ಕಂಪನಿಯಲ್ಲಿ ಮೆಕ್ಯಾನಿಕ್ಕುಗಳೆಲ್ಲ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಅವಳು ಅತ್ತಿಗೆಯಾಗಿದ್ದುದು ಅವರಲ್ಲೊಬ್ಬನಿಗೆ ಮಾತ್ರ, ತನ್ನ ಗಂಡನ ತಮ್ಮನಿಗೆ. ಅವನು ಕರೆಯುವುದನ್ನು ಕೇಳಿ ಕೇಳಿ ಉಳಿದವರ ಬಾಯಿಗೂ ಅದೇ ಹತ್ತಿತು. ಆಮೇಲೆ ಮೈದುನನೇ ಅವಳ ಜೊತೆ ಮಾತು ಬಿಟ್ಟ. ಉಳಿದವರು ಮಾತ್ರ ಅತ್ತಿಗೆ ಎನ್ನುವುದನ್ನು ಬಿಡಲಿಲ್ಲ.

ಅವಳು ನೋಡಿಕೊಳ್ಳುತ್ತಿದ್ದುದು ಕಂಪನಿಯ ಸರ್ಚ್ ಪುಟವನ್ನು. ಊರಿನ ಲಿಫ್ಟುಗಳಿಗೆ ಸಂಬಂಧಿಸಿದ ಕೈಪಿಡಿ, ನಕ್ಷೆ, ಸುತ್ತೋಲೆ ಎಲ್ಲವೂ ಒಂದು ಡೇಟಾಬೇಸಿನಲ್ಲಿದ್ದವು. ಮೆಕ್ಯಾನಿಕ್ಕು ಮೊಬೈಲಿನಲ್ಲಿ ಲಿಫ್ಟಿನ ಮಾಡೆಲ್ ಒತ್ತಿದರೆ ಸರಿಯಾದ ಕಾಗದ ಎಲ್ಲಕ್ಕಿಂತ ಮೇಲೆ ಬರಬೇಕು. ಹಳತಾದ ಕಾಗದವನ್ನು ಅಳಿಸುವಂತಿರಲಿಲ್ಲ. ನಾಳೆ ಯಾರಾದರೂ ಕೋರ್ಟಿಗೆ ಹೋದರೆ ಬೇಕಾದೀತು ಎಂದು ಯಜಮಾನರ ಕಟ್ಟಪ್ಪಣೆ. ಆದ್ದರಿಂದ ಅವಳು ತನ್ನ ಸರ್ಚ್ ಪುಟದಲ್ಲಿ ಅದನ್ನು ಕೆಳಕ್ಕೆ ತಳ್ಳಿಬಿಡುತ್ತಿದ್ದಳು. ಹತ್ತನೆಯ ಪುಟದವರೆಗೆ ಹೋಗುವ ತಾಳ್ಮೆ ಯಾವ ಮೆಕ್ಯಾನಿಕ್ಕಿಗಿದೆ? ಅಲ್ಲಿಗೆ ಹೋದ ಕಾಗದ ಇದ್ದೂ ಸತ್ತಂತೆಯೇ. ಈ ಏರ್ಪಾಡು ಗೊತ್ತಿದ್ದುದು ಅವಳೊಬ್ಬಳಿಗೆ.

ಹೀಗಿರುವಾಗ ಯಜಮಾನರಿಗೆ ಎಐ ಸಹಾಯಕ ಬೇಕೆನಿಸಿತು. ಎದುರು ಬೀದಿಯ ಕಂಪನಿಯವರು ಹಾಕಿಸಿದ್ದಾರೆ, ನಮಗೇನು ಬಂದಿದೆ ಧಾಡಿ? ಮೆಕ್ಯಾನಿಕ್ಕು ಲಿಫ್ಟಿನ ತಲೆಯ ಮೇಲೆ ಕೂತು ಬಾಯಲ್ಲಿ ಕೇಳಿದರೆ ಸಾಕು, ಅದು ಡೇಟಾಬೇಸಿನಲ್ಲಿ ಹುಡುಕಿ, ಓದಿ, ಹೀಗೆ ಮಾಡು ಹಾಗೆ ಮಾಡು ಎಂದು ಹೇಳಬೇಕು. ಅದನ್ನು ಜೋಡಿಸಿಕೊಡುವ ಕೆಲಸ ಹೊರಗಿನ ಒಂದು ಸಂಸ್ಥೆಗೆ ಹೋಯಿತು. ಆ ಸಂಸ್ಥೆಯಿಂದ ಲ್ಯಾಪ್‌ಟಾಪ್ ಹಿಡಿದು ಬಂದವಳು ಬೇರೆ ಯಾರೂ ಅಲ್ಲ, ಅದೇ ಮೈದುನನ ಹೆಂಡತಿ.

ಓರಗಿತ್ತಿಯರೆಂದರೆ ಎಣ್ಣೆ ಸೀಗೇಕಾಯಿ ಎನ್ನುತ್ತಾರೆ. ಇವರದು ಅದಕ್ಕೂ ಒಂದು ಕೈ ಮೇಲು. ಅತ್ತೆ ತೀರಿಕೊಂಡಾಗ ಮೈದುನನಿಗೆ ಇನ್ನೂ ಶಾಲೆಗೆ ಹೋಗುವ ವಯಸ್ಸು. ಜ್ವರ ಬಂದರೆ ಪಕ್ಕದಲ್ಲಿ ಕೂತವಳು, ಫೇಲಾದರೆ ಅಣ್ಣನ ಏಟಿಗೆ ಅಡ್ಡ ನಿಂತವಳು, ಕೊನೆಗೆ ಕಂಪನಿಯಲ್ಲಿ ಕೆಲಸಕ್ಕೆ ಮಾತಾಡಿದವಳು ಇವಳೇ. ಮಾಡಿದ್ದು ನಿಜ, ಮಾಡಿದ್ದನ್ನು ಹತ್ತು ಸಲ ಆಡಿ ತೋರಿಸಿದ್ದೂ ಅಷ್ಟೇ ನಿಜ. ಮದುವೆಯಾಗಿ ಬಂದ ಚಿಕ್ಕವಳು ಒಂದು ದಿನ ಅಡುಗೆಮನೆಯಲ್ಲಿ ನಿಂತು, "ಸಾಕಿದ್ದಕ್ಕೆ ತಿಂಗಳು ತಿಂಗಳು ಬಾಡಿಗೆ ಕೇಳ್ತೀರಾ ಅಕ್ಕ?" ಎಂದುಬಿಟ್ಟಳು. ಅಲ್ಲಿಗೆ ಮನೆ ಎರಡಾಯಿತು. ನಡುಮನೆಯಲ್ಲಿ ಗೋಡೆ ಎದ್ದಿತು, ತಾರಸಿಯ ಮೆಟ್ಟಿಲು ಚಿಕ್ಕವಳ ಪಾಲಿಗೆ ಹೋಯಿತು. ಅಂದಿನಿಂದ ಅತ್ತಿಗೆಯ ಮನೆಯ ಬಟ್ಟೆಗಳೆಲ್ಲ ಮಲಗುವ ಕೋಣೆಯಲ್ಲೇ ಒಣಗಬೇಕು. ಒಂದೊಂದು ಒದ್ದೆ ಟವೆಲು ಹರವುವಾಗಲೂ ಅವಳು ಚಿಕ್ಕವಳಿಗೆ ಒಂದೊಂದು ಶಾಪ ಹಾಕುತ್ತಿದ್ದಳು.

ಆಫೀಸಿನಲ್ಲಿ ಇಬ್ಬರಿಗೂ ಎದುರುಬದುರು ಮೇಜು ಬಿತ್ತು. ಯಾರು ಯಾರ ಮುಖ ನೋಡಬೇಕು? ನಡುವೆ ಕೂತಿದ್ದ ಮುದಿ ಗುಮಾಸ್ತನೇ ಗತಿ. ಎರಡೇ ದಿನದಲ್ಲಿ ಅವನಿಗೆ ಅಂಚೆಯಣ್ಣ ಎಂದು ಹೆಸರು ಬಿತ್ತು.

"ಅಂಚೆಯಣ್ಣ, ಡೇಟಾಬೇಸಿನ ಕೀಲಿ ಕೊಡ್ತಾರಂತಾ ಕೇಳಿ."

"ಯಜಮಾನರಿಗೆ ಕಳಿಸಾಗಿದೆ, ಕಣ್ಣಿದ್ರೆ ನೋಡ್ಕೊಳ್ಳೋಕೆ ಹೇಳಿ."

"ಕಣ್ಣಿದೆ, ಹೊಟ್ಟೆಕಿಚ್ಚಿಲ್ಲ ಅಂತ ಹೇಳಿ."

"ಅಮ್ಮಂದಿರಾ, ಇಷ್ಟು ದೊಡ್ಡ ಮಾತು ಹೊತ್ತು ಓಡಾಡೋಕೆ ನನಗೆ ಮಂಡಿ ನೋವು," ಎಂದು ಅವನು ಕೈ ಮುಗಿದ.

ಕೆಲಸ ಮುಗಿಯುವ ಹೊತ್ತಿಗೆ ಚಿಕ್ಕವಳು ಒಂದು ಸರಿಯಾದ ಪ್ರಶ್ನೆಯನ್ನೇ ಕಳಿಸಿದಳು. "ಡೇಟಾಬೇಸಿನಲ್ಲಿರೋದೆಲ್ಲ ಈಗ ಬಳಕೆಯಲ್ಲಿರೋದೇ ತಾನೆ? ಹಳೇದೇನಾದ್ರೂ ಇದ್ರೆ ತಿಳಿಸೋಕೆ ಹೇಳಿ."

ಅತ್ತಿಗೆಯ ಬೆರಳು ಕೀಲಿಮಣೆಯ ಮೇಲೆ ನಿಂತಿತು. ಸಹಾಯಕ ನೋಡುವುದು ತನ್ನ ಸರ್ಚ್ ಪುಟವನ್ನಲ್ಲ, ಅದರ ಹಿಂದಿರುವ ಡೇಟಾಬೇಸನ್ನು ಎಂದು ಅವಳಿಗೆ ಗೊತ್ತಿತ್ತು. ಅಲ್ಲಿ ಮೇಲಿಲ್ಲ, ಕೆಳಗಿಲ್ಲ. ಅವಳು ಹತ್ತನೆಯ ಪುಟಕ್ಕೆ ತಳ್ಳಿದ್ದೂ ಮೊದಲನೆಯದರ ಪಕ್ಕದಲ್ಲೇ ಕೂತಿರುತ್ತದೆ. ಒಂದು ಮಾತು ಹೇಳಿದ್ದರೆ ಚಿಕ್ಕವಳು ಅದಕ್ಕೊಂದು ಜರಡಿ ಹಾಕುತ್ತಿದ್ದಳು. ಆದರೆ ಅತ್ತಿಗೆಯ ಕಣ್ಣಿಗೆ ಬಂದದ್ದು ಬೇರೆ ಚಿತ್ರ: ಸಹಾಯಕ ಯಾವುದೋ ಕಾಲದ ಬೋಲ್ಟಿನ ನಂಬರು ಹೇಳುತ್ತದೆ, ಯಜಮಾನರು ಎಗರಾಡುತ್ತಾರೆ, ಈ ಲ್ಯಾಪ್‌ಟಾಪ್ ರಾಣಿ ಮುಖ ಸಣ್ಣದು ಮಾಡಿಕೊಂಡು ಗೇಟು ದಾಟುತ್ತಾಳೆ. ಹೋಗುವುದು ಮರ್ಯಾದೆ ತಾನೆ, ಹೋಗಲಿ!

"ಇರೋದೆಲ್ಲ ಅಲ್ಲೇ ಇದೆ ಅಂತ ಹೇಳಿ," ಎಂದಳು. ಅಂಚೆಯಣ್ಣ ಹಾಗೇ ಹೇಳಿದ, ಚಿಕ್ಕವಳು ಹಳೆಯದೇನೂ ಇಲ್ಲವೆಂದೇ ನಂಬಿದಳು.

ಉದ್ಘಾಟನೆಯ ದಿನ ಗೋಡೆಗೆ ದೊಡ್ಡ ಪರದೆ ಕಟ್ಟಿದರು. ಕೆಲಸದ ಮೇಲಿರುವ ಮೆಕ್ಯಾನಿಕ್ಕು ಕೇಳುವುದು, ಸಹಾಯಕ ಹೇಳುವುದು ಎರಡೂ ಅದರ ಮೇಲೆ ಮೂಡಬೇಕು. ಯಜಮಾನರು ಹೊಸ ಅಂಗಿ ಹಾಕಿಕೊಂಡು ಮುಂದೆ ಕೂತರು. ಅತ್ತಿಗೆ ಹಿಂದಿನ ಸಾಲಿನಲ್ಲಿ ಕೈ ಕಟ್ಟಿ ಕೂತು ತಮಾಷೆಗೆ ಕಾಯುತ್ತಿದ್ದಳು.

ಸ್ಪೀಕರಿನಲ್ಲಿ ಬಂದದ್ದು ಮೈದುನನ ದನಿ. ಅವತ್ತು ಹೋಗಬೇಕಿದ್ದ ಮೆಕ್ಯಾನಿಕ್ಕನ್ನು ಬಿಡಿಸಿ, ಹೆಂಡತಿಯ ಕೆಲಸ ನಾನೇ ಮೊದಲು ಬಳಸುತ್ತೇನೆಂದು ಹಟ ಹಿಡಿದು ಅವನು ಹೋಗಿದ್ದ. ಲಿಫ್ಟು ಹಳೇ ಮಾಡೆಲಿನದು. ಊರಿನಲ್ಲಿ ಅಂಥವು ಬೆರಳೆಣಿಕೆಯಷ್ಟು, ಅವನು ಅದನ್ನು ಹಿಂದೆ ಮುಟ್ಟಿರಲಿಲ್ಲ. "ಇದರ ಬ್ರೇಕು ಬಿಚ್ಚಬೇಕು. ಹೇಗೆ?" ಎಂದು ಕೇಳಿದ.

ಪರದೆಯ ಮೇಲೆ ಉತ್ತರ ಸಾಲುಸಾಲಾಗಿ ಇಳಿಯಿತು. ಜನ ಚಪ್ಪಾಳೆ ತಟ್ಟಿದರು. ಅತ್ತಿಗೆ ಮೊದಲ ಸಾಲು ಓದಿದಳು, ಎರಡನೆಯದು ಓದಿದಳು, ಎದ್ದು ನಿಂತಳು. ಬ್ರೇಕು ಬಿಚ್ಚುವ ಮೊದಲು ಹಗ್ಗದ ಆಚೆ ತುದಿಯಲ್ಲಿ ತೂಗುವ ಎದುರುತೂಕ ಜಾರದಂತೆ ಅದಕ್ಕೆ ಸರಪಳಿ ಬಿಗಿಯಬೇಕು ಎಂಬ ಮಾತೇ ಅದರಲ್ಲಿರಲಿಲ್ಲ. ಅದು ಹಳೇ ಕಾಗದದ ಮಾತು. ಆ ಕಾಗದವನ್ನು ನಂಬಿ ಹಿಂದೆ ಒಬ್ಬನ ಕೈ ಜಜ್ಜಿಹೋದ ಮೇಲೆಯೇ ಹೊಸ ಸುತ್ತೋಲೆ ಬಂದದ್ದು. ಹಳೆಯದನ್ನು ಹತ್ತನೆಯ ಪುಟಕ್ಕೆ ತಳ್ಳಿದವಳು ಅವಳೇ.

ಮೈದುನನ ಮೊಬೈಲಿಗೆ ಫೋನು ಮಾಡಿದಳು. ಅವನು ಯಾರೆಂದು ನೋಡಿ ಕತ್ತರಿಸಿದ. ಮತ್ತೆ ಮಾಡಿದಳು, ಮತ್ತೆ ಕತ್ತರಿಸಿದ. ಕುರ್ಚಿಗಳನ್ನು ತಳ್ಳಿಕೊಂಡು ಮುಂದಕ್ಕೆ ಓಡಿ, ಅಷ್ಟು ವರ್ಷಗಳಲ್ಲಿ ಮೊದಲ ಸಲ ಓರಗಿತ್ತಿಯ ಮುಖ ನೋಡಿ ಮಾತಾಡಿದಳು.

"ನಿನ್ನ ಗಂಡನಿಗೆ ಫೋನ್ ಮಾಡು. ಬ್ರೇಕು ಮುಟ್ಟಬೇಡ ಅನ್ನು."

ಚಿಕ್ಕವಳು ಯಜಮಾನರ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಎಲ್ಲರೆದುರು ನನ್ನ ಕೆಲಸ ಕೆಡಿಸೋಕೆ ಇದೇ ಹೊತ್ತು ಕಾಯ್ತಿದ್ರಾ?"

"ಅದು ಹಳೇ ಕಾಗದ ಕಣೇ! ಸರಪಳಿ ಇಲ್ಲ ಅದರಲ್ಲಿ!"

"ಹಳೇದು ಇಲ್ಲ ಅಂದ್ರಲ್ಲ? ಅಂಚೆಯಣ್ಣನ ಕೈಲಿ ಕೇಳಿಸಿದ್ದೆ."

"ಹೌದು, ನೀನು ಕೇಳಿಸಿದ್ದೆ. ನನಗೆ ಗೊತ್ತಿತ್ತು, ಬೇಕಂತಲೇ ಹೇಳ್ಲಿಲ್ಲ. ಆಮೇಲೆ ಎಷ್ಟು ಬೇಕಾದ್ರೂ ಉಗಿ, ಈಗ ಫೋನ್ ಮಾಡು!"

ಅಂಥ ತಪ್ಪೊಪ್ಪಿಗೆ ಯಾರೂ ಸುಳ್ಳುಸುಳ್ಳೇ ಮಾಡುವುದಿಲ್ಲ. ಚಿಕ್ಕವಳು ಫೋನು ಹಚ್ಚಿದಳು. ಅದು ಹೊಡೆದುಕೊಳ್ಳುತ್ತಲೇ ಇತ್ತು. ಕೊನೆಗೆ ಅವನು ಎತ್ತಿ, "ಏನೇ ನಿಂದು? ಸ್ಪ್ಯಾನರು ಹಾಕಿದೀನಿ," ಎಂದು ರೇಗಿದ.

"ತೆಗೀರಿ. ಕೈ ತೆಗೀರಿ, ಆಚೆ ಬನ್ನಿ," ಎಂದ ಚಿಕ್ಕವಳು ಅವನು ಆಚೆ ಬಂದೆ ಎನ್ನುವವರೆಗೂ ಫೋನು ಇಳಿಸಲಿಲ್ಲ.

ಯಜಮಾನರು ಪರದೆ ಆರಿಸಿದರು. ಅತ್ತಿಗೆಗೆ ಬಾಯಿಗೆ ಬಂದಂತೆ ಬೈದರು, ನಾಳೆಯಿಂದ ಬರಬೇಡ ಎಂದರು. ಮೇಜಿನ ಸಾಮಾನು ಚೀಲಕ್ಕೆ ತುಂಬುವಾಗ, ಏನಾದರೇನು, ಹುಡುಗ ಉಳಿದ ಎಂಬ ಸಮಾಧಾನ ಅವಳಿಗಿತ್ತು. ತಾನೇ ಉಳಿಸಿದೆ ಎಂಬ ಒಂದಿಷ್ಟು ಜಂಬವೂ ಇತ್ತು.

ಸಂಜೆ ಅವಳು ಹೊರಡುವ ಹೊತ್ತಿಗೆ ಮೈದುನ ಗ್ರೀಸು ಮೆತ್ತಿದ ಬಟ್ಟೆಯಲ್ಲೇ ಆಫೀಸಿಗೆ ಬಂದ. ಹೆಂಡತಿ ಎಲ್ಲವನ್ನೂ ಹೇಳಿಯಾಗಿತ್ತು. ಜೊತೆಗೆ ಇನ್ನೊಬ್ಬ ಮೆಕ್ಯಾನಿಕ್ಕು ಇದ್ದ, ಬೆಳಿಗ್ಗೆ ಆ ಲಿಫ್ಟಿಗೆ ಹೋಗಬೇಕಿದ್ದವನು. ಬೈಗುಳಕ್ಕೆ ಅತ್ತಿಗೆ ಸಿದ್ಧಳಾಗಿಯೇ ನಿಂತಳು. ಬೈದಾದರೂ ಮಾತಾಡುತ್ತಾನಲ್ಲ ಎಂದು ಒಳಗೊಳಗೇ ಆಸೆಯೂ ಇತ್ತು.

ಮೈದುನ ಬೈಯಲಿಲ್ಲ. ಪಕ್ಕದವನ ಹೆಗಲ ಮೇಲೆ ಕೈ ಇಟ್ಟು ಕೇಳಿದ. "ನನ್ನ ದನಿ ಕೇಳಿದ ಮೇಲೆ ಪರದೆ ಓದಿದ್ರಿ. ಅಲ್ಲಿ ಇವನ ದನಿ ಬಂದಿದ್ರೆ ಓದ್ತಿದ್ರಾ ಅತ್ತಿಗೆ?"

ಓದುತ್ತಿದ್ದೆ ಎನ್ನಲು ಅವಳು ಬಾಯಿ ತೆರೆದಳು. ಪಕ್ಕದವನು ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದ. ಅವಳು ಆ ಮಾತನ್ನು ನುಂಗಿಕೊಂಡು ತನ್ನ ಚೀಲದ ಬಾಯಿ ಕಟ್ಟಿದಳು. ಆ ಮೆಕ್ಯಾನಿಕ್ಕು ತನ್ನ ಸಲಕರಣೆಯ ಚೀಲ ಎತ್ತಿಕೊಂಡು ಹೊರಟುಹೋದ.