ಹನ್ನೊಂದು ಮಣಿಕಟ್ಟಿಗೆ ಪರದೆಯ ಗಂಟು

ಕುಚ್ಚಕ್ಕ ಮೂವತ್ತೊಂದು ವರ್ಷ ಒಂದು ಪರದೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಕುಚ್ಚು ಕಟ್ಟಿದಳು. ದೊಡ್ಡ ಮನೆಗಳಲ್ಲಿ ಕಿಟಕಿಯ ಪರದೆಯನ್ನು ಪಕ್ಕಕ್ಕೆ ಸರಿಸಿ ಕಟ್ಟುವ ದಪ್ಪ ಹಗ್ಗ ಇರುತ್ತದಲ್ಲ, ಅದರ ತುದಿಯಲ್ಲಿ ತೂಗುವ ಕುಚ್ಚು. ಪರದೆ ನೋಡಿದವರು ಬಟ್ಟೆಯನ್ನು ಹೊಗಳುತ್ತಾರೆ, ಕಿಟಕಿಯನ್ನು ಹೊಗಳುತ್ತಾರೆ, ತೀರಾ ಮಾತು ಸಿಗದಿದ್ದರೆ ಕಿಟಕಿಯಾಚೆ ಕಾಣುವ ಪಕ್ಕದ ಮನೆಯ ಗೋಡೆಯನ್ನಾದರೂ ಹೊಗಳುತ್ತಾರೆ. ಕುಚ್ಚನ್ನು ಹೊಗಳಿದ ಒಬ್ಬ ಗಿರಾಕಿಯನ್ನೂ ಅವಳು ಕಂಡಿರಲಿಲ್ಲ. ಅವಳ ಕೋಣೆಗೆ ಕಿಟಕಿಯೇ ಇರಲಿಲ್ಲ, ಆದ್ದರಿಂದ ಪರದೆಯ ತಾಪತ್ರಯವೂ ಇರಲಿಲ್ಲ. ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಹಿಡಿದು ಮುಂದಿನ ಹಲ್ಲೊಂದರಲ್ಲಿ ಸಣ್ಣ ಗೀರು ಬಿದ್ದಿತ್ತು. ಅಷ್ಟು ವರ್ಷದಲ್ಲಿ ಅವಳಿಗೆ ಸಿಕ್ಕ ಒಂದೇ ಬಡ್ತಿ ಅಂದರೆ ಕುಚ್ಚಕ್ಕ ಎಂಬ ಆ ಹೆಸರು.

ಆಮೇಲೆ ಯಂತ್ರದ ಕುಚ್ಚು ಬಂತು. ಯಜಮಾನರು ಅವಳನ್ನು ಕರೆದು, "ನಿಮ್ಮ ಕೈ ಬಂಗಾರ ಅಕ್ಕಾ, ಇನ್ನು ಅದಕ್ಕೆ ವಿಶ್ರಾಂತಿ ಕೊಡಿ" ಅಂದರು. ಬಂಗಾರವನ್ನು ಹೊರಗೆ ಕಳಿಸಿ ತಗಡನ್ನು ಒಳಗಿಟ್ಟುಕೊಳ್ಳುವುದು ವ್ಯಾಪಾರದ ಯಾವ ಲೆಕ್ಕವೋ ಅವಳಿಗೆ ತಿಳಿಯಲಿಲ್ಲ. ಬೀಳ್ಕೊಡುಗೆಯ ಕಾಣಿಕೆಯಾಗಿ ಒಂದು ಚೀಲ ಉಳಿಕೆ ದಾರ ಕೊಟ್ಟರು. ಹೇಗೂ ಎಸೆಯಬೇಕಾಗಿದ್ದ ದಾರ. ಎಸೆಯುವ ಕೆಲಸವನ್ನೂ ಅವಳಿಂದಲೇ ಮಾಡಿಸೋಣ ಅಂದುಕೊಂಡಿದ್ದರೋ ಏನೋ. ಅವಳು ಮಾತ್ರ ಅದನ್ನು ಮನೆಗೆ ಹೊತ್ತು ತಂದು ಮಂಚದ ಕೆಳಗೆ ಇಟ್ಟಳು.

ಮನೆ ಅಂದರೆ ಐದು ಮಹಡಿಯ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಮಗ, ಸೊಸೆಯ ಮನೆ. ಸೊಸೆ ಕೆಟ್ಟವಳಲ್ಲ. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತಾಳೆ, ಸ್ನಾನಕ್ಕೆ ಬಿಸಿನೀರು ತೋಡಿಡುತ್ತಾಳೆ. ಆದರೆ ಕಟ್ಟಡದವರು ಕೇಳಿದಾಗ, "ನಮ್ಮತ್ತೆ ಗೃಹಾಲಂಕಾರ ಕ್ಷೇತ್ರದಲ್ಲಿದ್ರು" ಅನ್ನುತ್ತಾಳೆ. ಮೊದಲ ಸಲ ಕೇಳಿದಾಗ ಇದು ಯಾರ ವಿಷಯ ಎಂದು ಕುಚ್ಚಕ್ಕ ಹಿಂದೆ ತಿರುಗಿ ನೋಡಿದ್ದಳು. ಎರಡನೇ ಸಲ ಕೇಳಿದಾಗ ಅದು ತನ್ನದೇ ವಿಷಯ ಎಂದು ತಿಳಿಯಿತು. 'ನಮ್ಮತ್ತೆ ಕುಚ್ಚು ಕಟ್ತಿದ್ರು' ಅಂದರೆ ಇವಳ ನಾಲಗೆ ಸವೆದುಹೋಗುತ್ತದೆಯೇ? ತಾನೇ ಹೇಳಿಕೊಂಡು ತಿರುಗಬಹುದಿತ್ತು, ಆದರೆ ಅದರಲ್ಲೇನು ಬಂತು. ಸೊಸೆಯ ಬಾಯಿಂದ, ನಾಲ್ಕು ಜನರ ಎದುರಿಗೆ ಬರಬೇಕು. ಅಲ್ಲಿಯವರೆಗೆ ತಾನು ಆ ಸುದ್ದಿಯನ್ನೇ ಎತ್ತುವುದಿಲ್ಲ ಎಂದು ಬಾಯಿಗೆ ಬೀಗ ಹಾಕಿಕೊಂಡಳು. ಕಿವಿಗೆ ಮಾತ್ರ ಹಾಕಿಕೊಳ್ಳಲಿಲ್ಲ. ಪಕ್ಕದ ಮನೆಯಲ್ಲಿ ಚಮಚ ಬಿದ್ದರೆ ಅದು ಸಣ್ಣದೋ ದೊಡ್ಡದೋ ಎಂದು ಹೇಳಬಲ್ಲ ಕಿವಿ ಅವಳದು.

ಬೇಸಿಗೆ ರಜೆ ಶುರುವಾದ ವಾರ, ಲಿಫ್ಟಿನೊಳಗೆ ಒಂದು ಗುಲಾಬಿ ಚೀಟಿ ಅಂಟಿತು: 'ಈ ಬೇಸಿಗೆಗೆ ನಿಮ್ಮ ಕೈಯಾರೆ, ಅತಿ ಅಗ್ಗದಲ್ಲಿ, ಮಣಿ ಮತ್ತು ಕುಚ್ಚಿನ ಬ್ರೇಸ್ಲೆಟ್! ಮಕ್ಕಳಿಗೆ ಮೂರು ದಿನದ ತರಗತಿ.' ಕಲಿಸುವವಳು ಸೊಸೆ. ಅವಳು ಕಲಿತದ್ದು ಫೋನಿನಲ್ಲಿ, ಆರು ನಿಮಿಷದ ಒಂದು ವಿಡಿಯೊದಿಂದ. ಅದರಲ್ಲೂ ಮೊದಲ ನಿಮಿಷ ಶಾಂಪೂ ಜಾಹೀರಾತು.

ಅತಿ ಅಗ್ಗದ ಸಾಮಾನುಗಳು ಮನೆಗೆ ಬರತೊಡಗಿದವು. ಆರು ಖಾನೆಯ ಮಣಿ ಡಬ್ಬಿ, ಮಣಿ ಎತ್ತಲು ಚಿಮಟ, ಮಣಿ ಉರುಳದಿರಲು ಮೆತ್ತನೆಯ ಹಾಸು, ಮಣಿಕಟ್ಟು ಅಳೆಯುವ ಪಟ್ಟಿ, ಎಲಾಸ್ಟಿಕ್ ದಾರ, ಕುಚ್ಚಿಗೆ ಬೇರೆ ದಾರ. ಕುಚ್ಚು ಕಟ್ಟಲೆಂದೇ ಪ್ಲಾಸ್ಟಿಕ್ಕಿನ ಒಂದು ಚೌಕಟ್ಟೂ ಬಂತು. ಕುಚ್ಚಕ್ಕನ ಬಳಿ ಇದ್ದದ್ದು ಅಂಗೈಯಗಲದ ಒಂದು ಮರದ ತುಂಡು, ಅದಕ್ಕೆ ದಾರ ಸುತ್ತಿ ಸುತ್ತಿ ಅಂಚು ತಗ್ಗಾಗಿತ್ತು. ಅದೂ ಆ ದಾರದ ಚೀಲದೊಳಗೇ ಇತ್ತು. ಹೊಸ ಸಾಮಾನಿಗೆ ಜಾಗ ಸಾಲದೆ ಸೊಸೆ ಮಂಚದ ಕೆಳಗೆ ಬಗ್ಗಿ ನೋಡಿ, "ಅತ್ತೆ, ಈ ಕಸದ ಚೀಲ ಎಸೆಯಬಹುದಾ?" ಅಂದಳು.

"ಇರಲಿ ಬಿಡಮ್ಮ" ಅಂದಳು ಕುಚ್ಚಕ್ಕ.

ಮೊದಲ ದಿನ ಕೆಳಗಿನ ಸಭಾಕೋಣೆಯಲ್ಲಿ ಹನ್ನೊಂದು ಮಕ್ಕಳು ಸೇರಿದರು. ಎರಡನೇ ದಿನದ ಹೊತ್ತಿಗೆ ಕುಚ್ಚುಗಳೆಲ್ಲ ಎಳೆ ಉದುರಿಸಿ ಬೋಳಾದವು. ಕತ್ತಿನ ಸುತ್ತು ಸಡಿಲವಾದರೆ ಕುಚ್ಚು ನಿಲ್ಲುವುದಿಲ್ಲ, ಇದು ವಿಡಿಯೊಗೆ ಗೊತ್ತಿರಲಿಲ್ಲ. ಸೊಸೆ ಮುಖ ಊದಿಸಿಕೊಂಡು ಮೇಲೆ ಬಂದಳು. ಕುಚ್ಚಕ್ಕನ ಕೈ ತುರಿಸಿತು. ಈಗ ಕೇಳುತ್ತಾಳೆ, ಇನ್ನೇನು ಕೇಳಿಯೇಬಿಟ್ಟಳು ಎಂದು ಸೆರಗು ಸರಿಮಾಡಿಕೊಂಡು ಕೂತಳು.

"ಅತ್ತೆ..." ಅಂದಳು ಸೊಸೆ.

"ಹೇಳಮ್ಮ."

"ಗೋಂದು ಎಲ್ಲಿದೆ?"

ಮೇಲಿನ ಕಪಾಟಿನಲ್ಲಿತ್ತು. ಗೋಂದು ಅಂದರೆ ಚಪ್ಪಲಿಯ ಅಟ್ಟೆ ಅಂಟಿಸುವ ಗಟ್ಟಿ ಗೋಂದು. ಸೊಸೆ ಅದನ್ನು ಕುಚ್ಚಿಗೂ ಹಚ್ಚಿದಳು, ಎಲಾಸ್ಟಿಕ್ಕಿನ ಗಂಟಿಗೂ ಹಚ್ಚಿದಳು.

ಮೂರನೇ ದಿನ ಪ್ರದರ್ಶನ. ತಾಯಂದಿರೆಲ್ಲ ಬಂದು ಕೂತಿದ್ದರು. ಗೋಂದು ಕುಡಿದ ಎಲಾಸ್ಟಿಕ್ ಒಣಗಿ ಕಡ್ಡಿಯಾಗಿತ್ತು. ಮೊದಲ ಮಗು ಕೈಯೆತ್ತಿ ತೋರಿಸಿದ್ದೇ ತಡ, ಟಪ್ ಎಂದು ಹರಿದು ಮಣಿಗಳು ಕುರ್ಚಿಗಳ ಕೆಳಗೆ ಓಡಿದವು. ಎರಡನೆಯದೂ ಟಪ್. ಮೂರನೇ ಮಗು ತನ್ನ ಸರದಿ ಬರುವ ಮೊದಲೇ ಅಳಲು ಶುರುಮಾಡಿತು. ಸೊಸೆ ಫೋನು ಮಾಡಿ, "ಅತ್ತೆ, ಆ ಚೀಲದ ದಾರ ತಗೊಂಡು ಒಂಚೂರು ಕೆಳಗೆ ಬರ್ತೀರಾ? ಬೇಗ!" ಅಂದಳು.

ಮೊಣಕಾಲು ನೋವೆಂದು ಹಾಲಿನವನಿಗೆ ಬಾಗಿಲು ತೆಗೆಯಲೂ ಏಳದ ಕುಚ್ಚಕ್ಕ ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದಳು.

ನೆಲದ ಮೇಲೆ ಕೂತು ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿದಳು. ಮರದ ತುಂಡಿಗೆ ಸರಸರನೆ ದಾರ ಸುತ್ತಿ, ಕತ್ತು ಬಿಗಿದು, ಕೆಳಗೆ ಕತ್ತರಿಸಿ ಒದರಿದಳು, ಒಂದು ಎಳೆಯೂ ಬೀಳಲಿಲ್ಲ. ಎಲಾಸ್ಟಿಕ್ ಕಿತ್ತೆಸೆದು ಅಂಗಡಿಯ ದಾರಕ್ಕೇ ಮಣಿ ಪೋಣಿಸಿದಳು. ಒಂದೊಂದೇ ಮಗುವಿನ ಮಣಿಕಟ್ಟಿಗೆ ಸುತ್ತಿ ಗಂಟು ಬಿಗಿದಳು, ಕೊನೆಗೆ ಸೊಸೆಯ ಕೈಗೂ ಒಂದು. ತಾಯಂದಿರು ಬಾಯಿ ಬಿಟ್ಟು ನೋಡುತ್ತಿದ್ದರು. ಕುಚ್ಚಕ್ಕನ ಎದೆ ಉಬ್ಬಿತು. ಆಗ ಸೊಸೆ ನಗುತ್ತಾ, "ನಮ್ಮತ್ತೆ ಗೃಹಾಲಂಕಾರ ಕ್ಷೇತ್ರದಲ್ಲಿದ್ರಲ್ಲ, ಈಗ ಸುಮ್ಮನೆ ಹವ್ಯಾಸಕ್ಕೆ ಇದೆಲ್ಲ ಮಾಡ್ತಾರೆ" ಅಂದಳು.

ಹವ್ಯಾಸ! ಕುಚ್ಚಕ್ಕ ಚೀಲ ಮಡಚಿಕೊಂಡು ಮೇಲೆ ಬಂದಳು. ಈ ಸಲ ಲಿಫ್ಟಿನಲ್ಲಿ.

ಮರುದಿನ ಬೆಳಿಗ್ಗೆ ಕರೆಗಂಟೆ ಸದ್ದಾಯಿತು. ಬಾಗಿಲು ತೆಗೆದರೆ ಎದುರಿನ ಕಾರಿಡಾರಿನುದ್ದಕ್ಕೂ ತಾಯಂದಿರು, ಅವರ ಕೈಯಲ್ಲಿ ಮಕ್ಕಳು. ಒಂದೇ ಒಂದು ಬ್ರೇಸ್ಲೆಟ್ಟೂ ಬಿಚ್ಚಲು ಬರುತ್ತಿಲ್ಲ. ಎಳೆದರೆ ಇನ್ನೂ ಬಿಗಿಯುತ್ತದೆ.

ಕುಚ್ಚಕ್ಕ ಹತ್ತಿರದ ಮಗುವಿನ ಗಂಟನ್ನು ತಿರುಗಿಸಿ ನೋಡಿದಳು. ನಿನ್ನೆ ಅವಳ ಕೈ ತನ್ನಷ್ಟಕ್ಕೆ ತಾನು ಪರದೆಯ ಗಂಟು ಹಾಕಿಬಿಟ್ಟಿತ್ತು. ಪರದೆಯ ಭಾರ ಎಳೆದಷ್ಟೂ ಬಿಗಿಯಬೇಕಾದ ಗಂಟು ಅದು. ಮೂವತ್ತೊಂದು ವರ್ಷದಲ್ಲಿ ಒಂದು ಪರದೆಯೂ ಬಂದು 'ಸ್ನಾನಕ್ಕೆ ಹೋಗಬೇಕು, ಬಿಚ್ಚಿ' ಎಂದು ಕೇಳಿರಲಿಲ್ಲ. ನಾಚಿಕೆಯಿಂದ ಅವಳ ಮುಖ ಸಣ್ಣದಾಯಿತು. ಬಾಗಿಲಲ್ಲೇ ಸ್ಟೂಲು ಹಾಕಿಸಿ ಕೂತು, ಗಂಟಿಗೆ ನೀರು ಹನಿಸಿ, ಉಗುರಿನಿಂದ ಹಿಂದಕ್ಕೆ ತಳ್ಳಿ, ಎರಡನೇ ಸುತ್ತಿನೊಳಗೆ ದಪ್ಪ ಸೂಜಿ ತೂರಿಸಿ ಒಂದೊಂದಾಗಿ ಬಿಚ್ಚತೊಡಗಿದಳು. ಸೊಸೆ ಪಕ್ಕದಲ್ಲಿ ನೀರಿನ ಬಟ್ಟಲು ಹಿಡಿದು ನಿಂತಿದ್ದಳು. ಮೊದಲ ನಾಲ್ಕು ಗಂಟಿನವರೆಗೆ ಅವಳು ಬಂದವರಿಗೆಲ್ಲ ಕ್ಷಮೆ ಕೇಳಿದಳು. ಐದನೆಯದರಿಂದ ಮಾತು ನಿಲ್ಲಿಸಿ ಅತ್ತೆಯ ಬೆರಳುಗಳನ್ನೇ ನೋಡುತ್ತಿದ್ದಳು.

ಹತ್ತು ಮುಗಿದಿತ್ತು. ಹನ್ನೊಂದನೆಯವಳಾಗಿ ಮೂರನೇ ಮಹಡಿಯ ಹಲ್ಲಿನ ಡಾಕ್ಟರಮ್ಮ ಮೇಲೆ ಬಂದಳು, ಮಗಳಿಲ್ಲದೆ, ಒಂದು ಚಿಕ್ಕ ಪ್ಲಾಸ್ಟಿಕ್ ಚೀಲ ಹಿಡಿದು. ಎಂಥೆಂಥ ಹಲ್ಲನ್ನೋ ಕಿತ್ತ ಕೈ ಅದು, ಸರದಿಯಲ್ಲಿ ನಿಲ್ಲುವ ಕೈಯಲ್ಲ. ಕತ್ತರಿಯಿಂದ ಕತ್ತರಿಸಿಯೇ ಬಿಟ್ಟಿದ್ದಳು.

"ನೋಡಿ ಇದನ್ನ!" ಎಂದು ಚೀಲವನ್ನು ಮುಂದೆ ಹಿಡಿದಳು. "ಮಣಿ ಎಲ್ಲ ಚೆಲ್ಲಾಪಿಲ್ಲಿ, ದಾರ ನಾಲ್ಕು ತುಂಡು, ಈ ಹಾಳು ಗಂಟು ಮಾತ್ರ ಹಾಗೇ ಕೂತಿದೆ! ಮಗು ಬೆಳಿಗ್ಗೆಯಿಂದ ಅಳ್ತಿದೆ. ನೆಟ್ಟಗೆ ಒಂದು ಗಂಟು ಹಾಕೋಕೆ ಬರದವರು, ಹವ್ಯಾಸ ಅಂತ ಮಕ್ಕಳ ಕೈಗೆ ಯಾಕೆ ಬರಬೇಕು?"

ಕುಚ್ಚಕ್ಕ ತಪ್ಪಾಯಿತು ಎನ್ನಲು ಬಾಯಿ ತೆರೆದಳು. ತಪ್ಪು ತನ್ನದೇ, ಅದರಲ್ಲಿ ಎರಡು ಮಾತಿರಲಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿ ಬಟ್ಟಲು ಠಣ್ಣೆಂದು ನೆಲಕ್ಕೆ ಕೂತಿತು.

"ಗಂಟು ಹಾಕೋಕೆ ಬರಲ್ವಾ?" ಅಂದಳು ಸೊಸೆ. ದನಿ ಐದೂ ಮಹಡಿಗೆ ಕೇಳುವಂತಿತ್ತು. "ಯಾರಿಗೆ, ಇವರಿಗಾ? ನಮ್ಮತ್ತೆ ಮೂವತ್ತೊಂದು ವರ್ಷ ಪರದೆ ಅಂಗಡೀಲಿ ಕುಚ್ಚು ಕಟ್ಟಿದವರು! ಗೃಹಾಲಂಕಾರವೂ ಇಲ್ಲ, ಹವ್ಯಾಸವೂ ಇಲ್ಲ, ಅದೆಲ್ಲ ನಾನು ಹೇಳಿದ ಸುಳ್ಳು. ಇವರು ಕುಚ್ಚು ಕಟ್ತಿದ್ರು! ಆ ಗಂಟು ಹಾಗೇ ಕೂತಿದೆ ಅಂತ ನೀವೇ ತಾನೇ ಹೇಳಿದ್ದು?"

ಡಾಕ್ಟರಮ್ಮ ಕುಚ್ಚಕ್ಕನ ತೆರೆದ ಬಾಯಿಯನ್ನು ನೋಡಿದಳು, ಮುಂದಿನ ಹಲ್ಲಿನ ಗೀರನ್ನು ನೋಡಿದಳು. ಆರು ತಿಂಗಳ ಹಿಂದೆ ಕುಚ್ಚಕ್ಕ ಅದನ್ನು ತೋರಿಸಲು ಹೋದಾಗ 'ಕೆಟ್ಟ ಅಭ್ಯಾಸ' ಎಂದು ಚೀಟಿಯಲ್ಲಿ ಬರೆದುಕೊಟ್ಟವಳು ಅವಳೇ. ಈಗ ಚೀಲವನ್ನು ಸ್ಟೂಲಿನ ಪಕ್ಕ ಇಟ್ಟು, "ಇನ್ನೊಂದು ಕಟ್ಟಿಕೊಡಿ. ಬಿಚ್ಚೋ ಹಾಗೆ" ಎಂದು ಇಳಿದುಹೋದಳು.

ಕಾರಿಡಾರು ಖಾಲಿಯಾಯಿತು. ಸೊಸೆಯ ಕೆನ್ನೆ ಇನ್ನೂ ಕೆಂಪಾಗಿತ್ತು. ಅವಳು ಸ್ಟೂಲಿನೆದುರು ನೆಲಕ್ಕೆ ಕೂತು ತನ್ನ ಕೈ ಮುಂದೆ ಚಾಚಿದಳು, ಅದರಲ್ಲಿ ಬ್ರೇಸ್ಲೆಟ್ ಇನ್ನೂ ಬಿಗಿಯಾಗಿತ್ತು.

ಕುಚ್ಚಕ್ಕ ಸೂಜಿ ಕೈಗೆತ್ತಿಕೊಳ್ಳಲಿಲ್ಲ. ತಲೆ ಬಾಗಿಸಿ, ಒಂದು ಕಿವಿಯನ್ನು ಸೊಸೆಯತ್ತ ತಿರುಗಿಸಿದಳು.

"ಏನೋ ಹೇಳ್ತಿದ್ದೆಯಲ್ಲಮ್ಮ ಆಗ, ಇನ್ನೊಂದ್ಸಲ ಹೇಳು" ಅಂದಳು. "ಈಚೆಗೆ ಯಾಕೋ ಕಿವಿ ಸರಿಯಾಗಿ ಕೇಳಿಸಲ್ಲ."